ಭೀಮನಬೀಡಿನ ಆಲೆಮನೆ ಚಿಮಣಿಯ ಮೇಲೆ ನಾನು ಸಾಯಲು ಹತ್ತಿರಲಿಲ್ಲ ಎಂಬ ಬಗ್ಗೆ

ದೊಡ್ಡಮಾದಯ್ಯ ಬಿನ್ ಲೇಟ್ ಮಾದಣ್ಣ, ವಯಸ್ಸು 58 ವರ್ಷ, ಗಾರೆ ಕೆಲಸ, ಜೊತೆಗೆ ಮೂವತ್ತೊಂದು ವರ್ಷದಿಂದ ಊರ ನಾಟಕದಲ್ಲಿ ರಾಜನ ಪಾರ್ಟು, ವಾಸ ಭೀಮನಬೀಡು ಗ್ರಾಮ, ಗುಂಡ್ಲುಪೇಟೆ ತಾಲ್ಲೂಕು, ಚಾಮರಾಜನಗರ ಜಿಲ್ಲೆ.

ಈ ದಿನ ನನ್ನ ಕಾಲ ಮೇಲೆ ನಾನೇ ನಡೆದು ಠಾಣೆಗೆ ಹಾಜರಾಗಿ, ಜೀವಂತವಾಗಿಯೂ ಸಂತೋಷವಾಗಿಯೂ ಈ ಮೂಲಕ ತಿಳಿಸುವುದೇನೆಂದರೆ,

ನಾನು ಮೇಲ್ಕಂಡ ವಿಳಾಸದಲ್ಲಿ ನನ್ನ ಹೆಂಡತಿ ಚಿಕ್ಕನಿಂಗಮ್ಮನೊಂದಿಗೆ ವಾಸವಾಗಿರುತ್ತೇನೆ. ನನಗೆ ಯಾವ ಮನೋವ್ಯಥೆಯೂ ಇರುವುದಿಲ್ಲ. ನನ್ನ ಗಂಟಲು ಹುಟ್ಟಿನಿಂದಲೇ ದೊಡ್ಡದು. ನಾನು ಸ್ಟೇಜಿಗೆ ಬಂದರೆ ಮೈಕಿನವನು ಮೈಕು ಆರಿಸಿ ಬೀಡಿ ಹಚ್ಚುತ್ತಾನೆ.

ನಮ್ಮೂರಿನ ಪಡುವಲಲ್ಲಿ, ಬಸ್ಸಿನ ರಸ್ತೆಯಿಂದ ಸುಮಾರು 60 ಮೀಟರ್ ಒಳಗೆ, ಪುಟ್ಟಬಸಮ್ಮನವರ ಆಲೆಮನೆ ಇರುತ್ತದೆ. ಕಬ್ಬಿನ ಹಾಲು ಕಾಯಿಸುವ ಒಲೆಗೆ 22 ಅಡಿ ಎತ್ತರದ ಇಟ್ಟಿಗೆ ಚಿಮಣಿ ಇದ್ದು, ಅದು ಬೆಲ್ಲದ ಕೋಣೆಯ ಗೋಡೆಗೆ ಅಂಟಿಕೊಂಡಿರುತ್ತದೆ. ಚಿಮಣಿಯ ತುದಿಯಲ್ಲಿ, ಹೊಗೆ ಹೋಗುವ ಬಾಯಿಯ ಸುತ್ತ, ಇಟ್ಟಿಗೆಯ ಮೇಲೆ ಹಾಸುವ ಗಾರೆಗೆ ನಾವು ನೆತ್ತಿ ಎನ್ನುತ್ತೇವೆ. ಬಾಯಿಗೆ ಬಿದ್ದ ಮಳೆ ಬೂದಿಗುಂಡಿಗೆ ಹೋಗುತ್ತದೆ, ಅದರಿಂದ ತೊಂದರೆಯಿಲ್ಲ. ನೆತ್ತಿ ಒಡೆದರೆ ಮಾತ್ರ ನೀರು ಇಟ್ಟಿಗೆಯೊಳಗೆ ಇಳಿದು ಕೋಣೆಯ ಗೋಡೆಗೆ ಬರುತ್ತದೆ.

ಹೋದ ವರ್ಷ ಆ ನೆತ್ತಿ ಹಾಕಿದವನು ನಾನೇ. ಇದನ್ನು ಠಾಣೆಯಲ್ಲಿ ಯಾರೂ ಕೇಳಲಿಲ್ಲ, ನಾನಾಗಿ ಒಪ್ಪಿಕೊಂಡಿರುತ್ತೇನೆ. ಊರ ನಾಟಕದ ಸ್ಟೇಜು ಕಟ್ಟುವವನೂ ನಾನೇ ಆದ್ದರಿಂದ ಸಮತಟ್ಟು ಮಾಡುವುದು ನನ್ನ ಕೈಗೆ ಬಂದ ಚಾಳಿ. ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿ, ರಾಗಿ ಕಾಳಿಟ್ಟರೂ ಉರುಳದ ಹಾಗೆ ಮಾಡಿ, ಅದರ ಮೇಲೆ ನಿಂತು ಒಂದು ಪದ್ಯವನ್ನೂ ಹೇಳಿ ಇಳಿದಿದ್ದೆ. ರಾಗಿ ಉರುಳಲಿಲ್ಲ. ಮಳೆನೀರೂ ಉರುಳಲಿಲ್ಲ. ಬಿದ್ದ ನೀರು ಬಿದ್ದಲ್ಲೇ ನಿಂತು, ಕೆಳಗಿನಿಂದ ಒಲೆಯ ಕಾವೂ ತಾಗಿ, ನೆತ್ತಿ ಮೂರು ಕಡೆ ಸೀಳಿತು. ಕೋಣೆಯಲ್ಲಿದ್ದ ಬೆಲ್ಲ ಕರಗಿ ಬಾಗಿಲ ಸಂದಿಯಿಂದ ಅಂಗಳಕ್ಕೆ ಹರಿಯಿತು. ಊರಿನ ಇರುವೆಗಳೆಲ್ಲ ದಿಬ್ಬಣ ಬಂದ ಹಾಗೆ ಸಾಲಾಗಿ ಬಂದವು.

ಈ ವರ್ಷ ಒಲೆ ಹಚ್ಚುವ ಮುಂಚೆ ಪುಟ್ಟಬಸಮ್ಮನವರು ನನ್ನನ್ನು ಕರೆಸಿ, ಏನಪ್ಪಾ ಮಾದಯ್ಯ, ನೀ ಕಟ್ಟಿದ್ದು ಚಿಮಣಿಯಾ, ಇಲ್ಲಾ ಕೆರೆ ಏರಿಯಾ ಎಂದು ಕೇಳಿದರು. ನಾನು ತಲೆ ತಗ್ಗಿಸಿದೆನು. ನಮ್ಮ ಕಡೆ ಹೊಸ ಸಾಲಿನ ಮೊದಲ ಪಾಕದಲ್ಲಿ ದೇವರ ಅಚ್ಚು ತೆಗೆದ ಮೇಲೆ ಎರಡನೇ ಅಚ್ಚು ಬೆಲ್ಲವನ್ನು ಚಿಮಣಿಯ ಮೇಸ್ತ್ರಿಗೆ ಕೊಡುವ ವಾಡಿಕೆ ಇದೆ. ಸದರಿಯವರು, ನೆತ್ತಿ ಹೊಸದಾಗಿ ಹಾಕು, ಹಳೇ ಬೆಲ್ಲದ ಒಂದು ಅಚ್ಚನ್ನು ಅದೇ ಗೋಡೆಗೆ ಒರಗಿಸಿ ಒಂಬತ್ತು ದಿನ ಇಡ್ತೀನಿ, ಅದು ನೀರೊಡೆಯದೆ ಇದ್ದರೆ ಒಲೆ ಹಚ್ತೀನಿ, ಎರಡನೇ ಅಚ್ಚು ನಿಂದು, ನೀರೊಡೆದರೆ ಬೇರೆ ಮೇಸ್ತ್ರಿ ನೋಡ್ಕತೀನಿ ಎಂದರು. ನಾನು ಎದೆಯ ಮೇಲೆ ಕೈಯಿಟ್ಟು, ಈ ಸಲ ಹನಿ ಇಳಿದರೆ ಈ ದೊಡ್ಡಮಾದಯ್ಯ ಜನ್ಮದಲ್ಲಿ ಕರಣೆ ಮುಟ್ಟೆನು ಎಂದು ಸಾರಿದೆನು. ಪಕ್ಕದಲ್ಲಿದ್ದ ನನ್ನ ಹೆಂಡತಿ, ಕರಣೆ ಬುಟ್ಟು ಏನ ತಿಂದೀರಿ, ಕಿರೀಟವಾ ಎಂದು ಕೇಳಿದಳು.

ದಿನಾಂಕ 12-11-2025ರ ಬುಧವಾರ ಬೆಳಿಗ್ಗೆ 10.00 ಗಂಟೆಗೆ ಸಾರುವೆ ಕಟ್ಟಿ ಹತ್ತಿದೆನು. ಹಳೆಯ ನೆತ್ತಿ ಒಡೆದು ಕೆಳಗಿಳಿಸಿ, ಇಟ್ಟಿಗೆ ತೊಳೆದು, ಜಾಲರಿ ಬಿಗಿದೆನು. ಈ ಸಲ ಬಾಯಿಯಿಂದ ಹೊರಕ್ಕೆ ನಾಲ್ಕೂ ಕಡೆ ಎರಡು ಇಂಚು ಇಳಿಜಾರು ಕೊಟ್ಟು, ಇಟ್ಟಿಗೆಗಿಂತ ಎರಡು ಇಂಚು ಮುಂದಕ್ಕೆ ಚಾಚಿ, ಚಾಚಿದ ಅಂಚಿನ ಅಡಿಯಲ್ಲಿ ಒಂದು ಗೀರು ಎಳೆಯುವುದೆಂದು ತೀರ್ಮಾನಿಸಿದ್ದೆ. ಗೀರು ಇದ್ದರೆ ನೀರು ಗೋಡೆಯ ಕಡೆ ತಿರುಗದೆ ಅಲ್ಲೇ ತೊಟ್ಟಿಕ್ಕುತ್ತದೆ. ಮಧ್ಯಾಹ್ನ 2.10ಕ್ಕೆ ಗಾರೆ ಹಾಕಲು ಶುರು ಮಾಡಿದೆನು.

ನಾನು ಗಡಿಯಾರ ಕಟ್ಟುವುದಿಲ್ಲ. ಗಾರೆ ತೀಡುವ ಹೊತ್ತನ್ನು ನಾಟಕದಿಂದ ಅಳೆಯುತ್ತೇನೆ. ಒಂದು ಮಗ್ಗುಲಿಗೆ ಒಂದು ಸೀನು. ಮೂರು ಮಗ್ಗುಲು ಮುಗಿದು ನಾಲ್ಕನೆಯದಕ್ಕೆ ಬರುವಾಗ ರಾಜನ ಕೊನೆಯ ಸೀನು ಬಂತು. ಆ ಸೀನಿನಲ್ಲಿ ರಾಜನು ಕೋಟೆಯ ಬುರುಜಿನ ಮೇಲೆ ನಿಂತು, ಎಲೈ ಭೂಮಾತೆ, ಈ ಕಿರೀಟ ಸಾಕು, ಈ ಲೋಕ ಸಾಕು, ಇಗೋ ನಿನ್ನ ಮಡಿಲಿಗೆ ಬಂದೆನು ಎಂದು ಗರ್ಜಿಸಬೇಕಾಗುತ್ತದೆ. ನಾನು ಕರಣೆ ಎತ್ತಿ ಗರ್ಜಿಸಿದೆನು. ಆಗ 2.45 ಗಂಟೆ. ಈ ಸಮಯವನ್ನು ರಸ್ತೆಯಲ್ಲಿ ಬಸ್ಸು ನಿಲ್ಲಿಸಿದ ಕಂಡಕ್ಟರ್, ಉಳಿದ ಸಮಯಗಳನ್ನು ಪುಟ್ಟಬಸಮ್ಮನವರೂ ಠಾಣೆಯವರೂ ತಿಳಿಸಿರುತ್ತಾರೆ. ಬಸ್ಸಿನಲ್ಲಿದ್ದವರೆಲ್ಲ ಇಳಿದು ಓಡಿ ಬಂದರು. ಯಾರೋ 112ಕ್ಕೆ ಫೋನು ಮಾಡಿದರು. ನಾನು ಜನ ಸೇರಿದ್ದನ್ನು ಕಂಡು, ನನ್ನ ಅಭಿನಯಕ್ಕೆ ಸೇರಿದ್ದೆಂದು ತಪ್ಪಾಗಿ ತಿಳಿದು, ಅದೇ ಮಾತನ್ನು ಇನ್ನೂ ಜೋರಾಗಿ ಎರಡು ಸಲ ಹೇಳಿದೆನು. ಇದು ನನ್ನ ತಪ್ಪು.

3.05 ಗಂಟೆಗೆ ಪಿ.ಎಸ್.ಐ. ಶಿವರಂಜಿನಿ ಮೇಡಂ ಮತ್ತು ಹೆಡ್ ಕಾನ್ಸ್‌ಟೇಬಲ್ ಶಂಕರ್ ರವರು ಜೀಪಿನಲ್ಲಿ ಬಂದರು. ಮೇಡಂ ಮೈಕು ಹಿಡಿದು, ಯಜಮಾನ್ರೇ, ಏನೇ ಕಷ್ಟ ಇದ್ದರೂ ಕೂತು ಮಾತಾಡೋಣ, ಮೊದಲು ಕೆಳಗಿಳಿಯಿರಿ ಎಂದರು. ಹಸಿಗಾರೆ ಅರ್ಧಕ್ಕೆ ಬಿಟ್ಟು ಇಳಿದರೆ ಅಲ್ಲೇ ಸೀಳು ಬಿಡುತ್ತದೆ. ಆದ್ದರಿಂದ ನಾನು, ತಾಯೀ, ಒಂದೇ ಒಂದು ಸೀನು ಬಾಕಿ ಇದೆ, ಅಡ್ಡ ಬರಬೇಡಿ ಎಂದು ಕೈಮುಗಿದೆನು. ಇದರಿಂದ ಅವರ ಗಾಬರಿ ಹೆಚ್ಚಾಯಿತೆಂದು ಆಮೇಲೆ ತಿಳಿಯಿತು.

3.15ಕ್ಕೆ ನನ್ನ ಹೆಂಡತಿಯನ್ನು ಕರೆತಂದು ಮೈಕು ಕೊಟ್ಟರು. ಜನರೆಲ್ಲ ಆಕೆ ಅಳುವುದನ್ನು ಕಾದರು. ಚಿಕ್ಕನಿಂಗಮ್ಮ ಮೈಕನ್ನು ವಾಪಸ್ಸು ಕೊಟ್ಟು, ಅಯ್ಯೋ ಬುಡವ್ವ, ಈವಯ್ಯ ನಾಟಕದಲ್ಲೇ ಸಾಯಕ್ಕೆ ಮುಕ್ಕಾಲು ಗಂಟೆ ತಕತದೆ, ಇಲ್ಲಿ ಇಷ್ಟು ಬಿರ್ರನೆ ಸತ್ತದಾ ಎಂದಳು. ಜನ ನಕ್ಕರು. ಮೇಡಂ ನಗಲಿಲ್ಲ, ಆದರೆ ಟೋಪಿ ಸರಿಮಾಡಿಕೊಂಡರು. ಆಗ ಪುಟ್ಟಬಸಮ್ಮನವರು ಆಲೆಮನೆಯಿಂದ ಹೊರಬಂದು ನಡೆದದ್ದನ್ನೆಲ್ಲ ಹೇಳಿ, ಅವನ ಪ್ರಾಣಕ್ಕೆ ಏನೂ ಆಗಲ್ಲ ಕಣವ್ವ, ನನ್ನ ಗೋಡೆ ಪ್ರಾಣ ಉಳಿಸಿ ಎಂದು ಪಡುವಲ ಕಡೆ ಕೈ ತೋರಿಸಿದರು.

ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮಳೆ ಬರುತ್ತಿತ್ತು. ಟಾರ್ಪಾಲು ನೆಲದಲ್ಲಿತ್ತು. ನನ್ನ ಎರಡೂ ಕೈ ಗಾರೆಯಲ್ಲಿದ್ದವು. ನಾಲ್ಕನೇ ಮಗ್ಗುಲಿನ ಗೀರು ಇನ್ನೂ ಎಳೆದಿರಲಿಲ್ಲ. ಆ ಗಳಿಗೆಯಲ್ಲಿ ನನಗೆ ಸ್ಟೇಜೂ ನೆನಪಾಗಲಿಲ್ಲ, ಜನವೂ ಕಾಣಲಿಲ್ಲ. ಹೋದ ವರ್ಷ ಅಂಗಳದಲ್ಲಿ ಹರಿದ ಬೆಲ್ಲವೇ ಕಾಣುತ್ತಿತ್ತು. ಮೇಡಂ ಒಂದು ಸಲ ಮೋಡ ನೋಡಿ, ಒಂದು ಸಲ ನನ್ನನ್ನು ನೋಡಿ, ಶಂಕರ್ ಹತ್ತಿ ಎಂದರು.

3.32ಕ್ಕೆ ಶಂಕರ್ ರವರು ಬೂಟು ಬಿಚ್ಚಿ, ಟಾರ್ಪಾಲನ್ನು ಹೆಗಲಿಗೆ ಹಾಕಿ ಸಾರುವೆ ಹತ್ತಿದರು. ಟಾರ್ಪಾಲಿಗೆ ಕಟ್ಟಿದ ಹಗ್ಗದ ಒಂದು ತುದಿಯನ್ನು ಕೆಳಗಿನಿಂದ ಮೇಡಂ, ಇನ್ನೊಂದನ್ನು ಕಂಡಕ್ಟರ್ ಹಿಡಿದರು. ನಾನು ಗೀರು ಎಳೆಯುವುದಕ್ಕೂ ಮೊದಲ ಹನಿ ನನ್ನ ಕತ್ತಿಗೆ ಬೀಳುವುದಕ್ಕೂ ಸರಿಹೋಯಿತು. ನಾವಿಬ್ಬರೂ ಟಾರ್ಪಾಲಿನ ಅಂಚು ಹಿಡಿದು ತಲೆ ಒಳಗಿಟ್ಟು ನಿಂತೆವು. ಆಗ ಶಂಕರ್ ರವರು ಮೆಲ್ಲಗೆ, ತಾವು ಪುಣಜನೂರಿನವರೆಂದೂ, ಹುಡುಗರಾಗಿದ್ದಾಗ ಊರ ನಾಟಕದಲ್ಲಿ ರಾಣಿಯ ಪಾರ್ಟು ಮಾಡುತ್ತಿದ್ದರೆಂದೂ, ಸೀನು ಅರ್ಧಕ್ಕೆ ನಿಲ್ಲಬಾರದೆಂದೂ ಹೇಳಿ, ಪ್ರಾಣಕಾಂತಾ ಎಂದು ಎತ್ತಿದರು. ನಾನು ಪ್ರಾಣೇಶ್ವರೀ ಎಂದು ಎತ್ತಿಕೊಂಡೆನು. ಮಳೆಯಲ್ಲಿ ನೆನೆಯುತ್ತಿದ್ದ ಜನ ಒನ್ಸ್ ಮೋರ್ ಎಂದು ಕೂಗಿದರು. ಮೇಡಂ ಒನ್ಸ್ ಮೋರ್‌ಗೆ ಅನುಮತಿ ನೀಡಲಿಲ್ಲ. ಟಾರ್ಪಾಲು ಕಟ್ಟಿ ಮುಗಿಸಿ 4.10ಕ್ಕೆ ಇಬ್ಬರೂ ಇಳಿದೆವು.

ಅಂದೇ ಹೇಳಿಕೆ ಕೊಡಬೇಕೆಂದು ಮೇಡಂ ಸೂಚಿಸಿದಾಗ, ಬೆಲ್ಲದ ತೀರ್ಪು ಬರುವವರೆಗೆ ಕಾಲಾವಕಾಶ ಬೇಕೆಂದು ಕೋರಿದೆನು. ಮರುದಿನ ಗಾರೆ ಬಿಗಿದ ಮೇಲೆ ಟಾರ್ಪಾಲು ಬಿಚ್ಚಿದೆನು. ಆಮೇಲಿನ ಒಂಬತ್ತು ದಿನದಲ್ಲಿ ಐದು ದಿನ ಮಳೆಯಾಯಿತು. ನೀರು ನಾಲ್ಕು ಕಡೆಗೂ ಜಾರಿ, ಗೋಡೆಯನ್ನು ಮುಟ್ಟದೆ, ತೊಟ್ಟು ತೊಟ್ಟಾಗಿ ಅಂಗಳಕ್ಕೆ ಬೀಳುವುದನ್ನು ನಾನು ಐದು ದಿನವೂ ಛತ್ರಿ ಹಿಡಿದು ನಿಂತು ನೋಡಿರುತ್ತೇನೆ. 21ರ ಶುಕ್ರವಾರ ಸಂಜೆ 6.00ಕ್ಕೆ ಪುಟ್ಟಬಸಮ್ಮನವರು ಕೋಣೆಯೊಳಗೆ ಹೋದರು. ನಾನು ಹೊಸ್ತಿಲ ಹೊರಗೇ ನಿಂತೆನು. ಅವರು ಅಚ್ಚನ್ನು ಮುಟ್ಟಿದರು. ಬೆರಳು ಅಂಟಲಿಲ್ಲ. ಆಮೇಲೆ ಗೋಡೆಯ ಮೇಲೆ ಅಂಗೈ ಇಟ್ಟು ಮೇಲಿಂದ ಕೆಳಗೆ ಸವರಿ, ಒಂದು ಚೂರೂ ತೇವ ಇಲ್ಲ ಕಣಪ್ಪಾ ಮಾದಯ್ಯ ಎಂದರು. ನಾನು ಹೊಸ್ತಿಲು ದಾಟಿ ಒಳಗೆ ಹೋಗಿ ಆ ಗೋಡೆಯನ್ನು ನಾನೂ ಒಂದು ಸಲ ಮುಟ್ಟಿ ನೋಡಿದೆನು.

ಈ ದಿನ ಬೆಳಗ್ಗೆ 5.40ಕ್ಕೆ ಒಲೆ ಹಚ್ಚಲಾಯಿತು. ಸದರಿ ಎರಡನೇ ಅಚ್ಚನ್ನು ಬಾಳೆ ಎಲೆಯಲ್ಲಿ ಸುತ್ತಿ, ನನ್ನ ಮಾತಿಗೆ ಸಾಕ್ಷಿಯಾಗಿ ಹಾಜರುಪಡಿಸಿರುತ್ತೇನೆ. ಇದನ್ನು ಲಂಚವೆಂದು ತಿಳಿಯಬಾರದು. ಜಪ್ತಿ ಮಾಡುವುದಾದರೆ ಬಿಸಿ ಆರುವ ಮುಂಚೆ, ಠಾಣೆಯವರೆಲ್ಲ ಸೇರಿ, ಕಡಲೇಪುರಿಯೊಂದಿಗೆ ಮಾಡಬೇಕಾಗಿ ವಿನಂತಿ. ಇನ್ನು ಮುಂದೆ ಹತ್ತು ಅಡಿಗಿಂತ ಎತ್ತರದಲ್ಲಿ ಸಾಯುವ ಸೀನು ಹೇಳುವುದಿಲ್ಲ, ಪಟ್ಟಾಭಿಷೇಕದ ಸೀನು ಮಾತ್ರ ಹೇಳುತ್ತೇನೆಂದು ಒಪ್ಪಿರುತ್ತೇನೆ.

ಮೇಲೆ ಬರೆದದ್ದನ್ನು ಶಂಕರ್ ರವರು ನನಗೆ ಓದಿ ಹೇಳಿದರು, ರಾಣಿಯ ಮಾತು ಬಂದಲ್ಲಿ ರಾಗವಾಗಿ ಓದಿದರು. ಎಲ್ಲವೂ ನಾನು ಹೇಳಿದಂತೆಯೇ ಇದ್ದು, ನಡೆದಂತೆಯೇ ಇದ್ದು, ಸತ್ಯವಾಗಿರುತ್ತದೆ.

ಸ್ಥಳ: ಗುಂಡ್ಲುಪೇಟೆ
ದಿನಾಂಕ: 23-11-2025, ಮಧ್ಯಾಹ್ನ 12.20
ಸಹಿ: ದೊಡ್ಡಮಾದಯ್ಯ
(ಕಾಗದದ ಅಂಚಿನಲ್ಲಿರುವ ಅಂಟು ಬೆಲ್ಲದ್ದು, ನೀರಿನದಲ್ಲ.)