ಭಾವನ ವಿಮಾನದ ಎಂಟು ಪ್ಲಗ್‌ಗಳನ್ನು ಬಿಚ್ಚಿದ ಬಗ್ಗೆ

ಹೆಸರು: ಎಲ್ಲರೂ ಕರೆಯುವಂತೆ ಸ್ಪ್ಯಾನರ್ ಚಿಕ್ಕಮ್ಮ. ವಯಸ್ಸು: 57 ವರ್ಷ. ವೃತ್ತಿ: ವಿಮಾನ ಮೆಕ್ಯಾನಿಕ್, ಲೈಸೆನ್ಸ್ ಪಡೆದು 31 ವರ್ಷ. ವಾಸ: ಸಣ್ಣ ರನ್‌ವೇ ಪಕ್ಕದ ಶೆಡ್ಡಿಗೆ ಅಂಟಿದ ಎರಡು ಕೋಣೆಯ ಮನೆ. ಇಂದು ಠಾಣೆಗೆ ಕರೆಸಿದ್ದರಿಂದ ಹಾಜರಾಗಿ ಬರೆಸುತ್ತಿರುವುದೇನೆಂದರೆ:

ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ, ತಮ್ಮ ಎರಡು ಸೀಟಿನ ವಿಮಾನದ ಎಂಟು ಸ್ಪಾರ್ಕ್ ಪ್ಲಗ್ ಕಳುವಾಗಿವೆ ಎಂದು ದೂರು ಕೊಟ್ಟಿದ್ದಾರೆ. ಕಳುವಾಗಿಲ್ಲ. ನಾನೇ ಬಿಚ್ಚಿದ್ದೇನೆ. ಡಬ್ಬಿ ಸಮೇತ ಮೇಜಿನ ಮೇಲಿಟ್ಟಿದ್ದೇನೆ, ಎಣಿಸಿಕೊಳ್ಳಬಹುದು.

ಆ ಎಂಜಿನ್‌ಗೆ 52 ವರ್ಷ. ಕಾರಿನ ಪೆಟ್ರೋಲಿನಲ್ಲೂ ಓಡುತ್ತದೆ. ಅದಕ್ಕೆ ಒಪ್ಪಿಗೆ ಪತ್ರ ತರಿಸಿದವಳೂ ನಾನೇ. ಆದರೆ ಎಥನಾಲ್ ಬೆರೆತ ಪೆಟ್ರೋಲ್ ಕೂಡದು. ಅದು ಹಳೆಯ ರಬ್ಬರ್ ಪೈಪುಗಳನ್ನು ಹಾಳುಮಾಡುತ್ತದೆ, ಎಂಜಿನ್ ಆಕಾಶದಲ್ಲೇ ನಿಂತರೂ ನಿಂತೀತು. ಇದನ್ನು ಭಾವನಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಆದ್ದರಿಂದ ಪ್ರತಿ ಕ್ಯಾನಿಗೂ ಪರೀಕ್ಷೆ. ಗಾಜಿನ ಬಾಟಲಿಯಲ್ಲಿ 4 ಸೆಂ.ಮೀ. ನೀರು, ಆ ಮಟ್ಟಕ್ಕೆ ಹೊರಗೆ ಒಂದು ಪ್ಲಾಸ್ಟರ್ ಪಟ್ಟಿ. ನೀರಿನ ಮೇಲೆ 10 ಸೆಂ.ಮೀ. ಪೆಟ್ರೋಲ್ ಹಾಕಿ, ಕುಲುಕಿ, ಹತ್ತು ನಿಮಿಷ ಬಿಡಬೇಕು. ಎಥನಾಲ್ ನೀರಿನೊಳಗೆ ಸೇರಿಕೊಳ್ಳುತ್ತದೆ, ಆದ್ದರಿಂದ ನೀರು ಪಟ್ಟಿ ದಾಟಿ ಏರಿದ್ದರೆ ಎಥನಾಲ್ ಇದೆ ಎಂದರ್ಥ.

ನಿನ್ನೆ ಶನಿವಾರ ಸಂಜೆ 4-10ಕ್ಕೆ ಭಾವ ಹೊಸ ಬಂಕಿನಿಂದ ಎರಡು ಕ್ಯಾನ್ ತಂದರು. ಇಂದು ಬೆಳಿಗ್ಗೆ 7ಕ್ಕೆ ಅಕ್ಕನನ್ನು ಕೂರಿಸಿಕೊಂಡು ಹಾರುವುದೆಂದು ನಿಶ್ಚಯವಾಗಿತ್ತು. ನಾನು ಬಾಟಲಿ ಕುಲುಕಿ ಕಿಟಕಿಯಲ್ಲಿಟ್ಟು ಕೈ ತೊಳೆಯಲು ಹೋದೆ. ಭಾವ 30 ಮೀಟರ್ ದೂರದಲ್ಲಿ ರೆಕ್ಕೆ ಒರೆಸುತ್ತಿದ್ದರು. ಅಕ್ಕ ಕಿಟಕಿಯ ಬಳಿ ಸ್ಟೂಲಿನ ಮೇಲಿದ್ದಳು. 4-25ಕ್ಕೆ ನೋಡಿದಾಗ ನೀರು ಪಟ್ಟಿಯ ಮಟ್ಟಕ್ಕೇ ಇತ್ತು. ಪರೀಕ್ಷೆಯ ಪುಸ್ತಕದಲ್ಲಿ ಸಹಿ ಮಾಡಿದೆ, ಭಾವ ಟ್ಯಾಂಕ್ ತುಂಬಿಸಿದರು.

5-15ಕ್ಕೆ ಬಾಟಲಿ ತೊಳೆಯಲು ಎತ್ತಿದಾಗ ಪಟ್ಟಿಯ ಹಳೇ ಅಂಟಿನ ಗುರುತು ಕೆಳಗಡೆ ಕಂಡಿತು. ಅಳೆದೆ. ಪಟ್ಟಿ 5 ಸೆಂ.ಮೀ.ನಲ್ಲಿತ್ತು. ಯಾರೋ ಪಟ್ಟಿಯನ್ನೇ ಮೇಲೆ ಸರಿಸಿದ್ದರು, ನೀರು ಒಂದು ಸೆಂ.ಮೀ. ಏರಿತ್ತು.

ಭಾವನಿಗೆ ತೋರಿಸಿದೆ. ಸಹಿ ಹಾಕಿದ್ಮೇಲೆ ಇದೇನು ನಿಂದು ಹೊಸ ರಾಗ, ನನ್ನ ಸ್ಕೂಟರ್ ಇದೇ ಪೆಟ್ರೋಲಲ್ಲಿ ಓಡ್ತಿಲ್ವಾ ಎಂದರು. ಸ್ಕೂಟರ್ ನಿಂತ್ರೆ ಪಕ್ಕಕ್ಕೆ ತಳ್ಳಬಹುದು ಭಾವ, ಮೇಲೆ ನಿಂತ್ರೆ ಯಾವ ಕಡೆ ತಳ್ತೀರಿ ಎಂದು ಕೇಳಿದೆ. ಪಟ್ಟಿ ನೀನೇ ಸರಿಸಿ ನಾಟಕ ಆಡ್ತಿದೀಯ ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿ ಫಲವಿಲ್ಲವೆಂದು ಶೆಡ್ಡಿಗೆ ವಾಪಸಾದೆ. (ಈ ಮಾತು ಬೇಡವೆಂದರೂ ರೈಟರ್ ಬರೆದುಕೊಂಡಿದ್ದಾರೆ.) ಅವರಿಬ್ಬರೂ ಮನೆಗೆ ಹೋದ ಮೇಲೆ, 6-05ರಿಂದ 6-40ರೊಳಗೆ ಪ್ಲಗ್ ಬಿಚ್ಚಿದೆ.

ಇಂದು 9-20ಕ್ಕೆ ಇದೇ ಮೇಜಿನ ಮುಂದೆ ಭಾವ ನನ್ನನ್ನು ಹೊಟ್ಟೆಕಿಚ್ಚಿನವಳು ಎಂದು ಕೂಗಾಡುತ್ತಿರುವಾಗ ಅಕ್ಕ ಎದ್ದು ನಿಂತಳು. ಅವಳನ್ನ ಬೈಬೇಡಿ, ಬಾಟಲಿ ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ, ನೀರು ಏರಿತ್ತು, ಪಟ್ಟಿ ಸರಿಸಿದ್ದು ನಾನು ಎಂದಳು. ಬುದ್ಧಿ ನೆಟ್ಟಗಿದ್ಯಾ ಅಕ್ಕಾ, ಸಾಯಬೇಕು ಅಂತಿದ್ಯಾ ಎಂದು ನಾನು ಕಿರುಚಿದ್ದು ನಿಜ, ಠಾಣೆಯವರು ಕ್ಷಮಿಸಬೇಕು.

ಅದಕ್ಕೆ ಅಕ್ಕ, ಆರು ಭಾನುವಾರದಿಂದ ನೀನು ಏನಾದ್ರೂ ಒಂದು ಕೊಂಕು ತೆಗೀತಿದೀಯ, ಡಾಕ್ಟರು ಇನ್ನು ಮೂರು ತಿಂಗಳು ಕಣ್ಣು ಕಂಡ್ರೆ ಹೆಚ್ಚು ಅಂದಿದಾರೆ, ಕಣ್ಣು ಹೋಗೋ ಮುಂಚೆ ಒಂದ್ಸಲ ಮೇಲಿಂದ ನಮ್ಮನೆ ನೋಡ್ಬೇಕಿತ್ತು, ಒಂದು ಸಲಕ್ಕೆ ಏನೂ ಆಗಲ್ಲ ಅಂದ್ಕೊಂಡೆ ಎಂದಳು. ಕಣ್ಣಿನ ವಿಷಯ ಭಾವನಿಗೆ ಗೊತ್ತಿತ್ತು. ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಭಾವ ದೂರು ವಾಪಸ್ ಪಡೆದಿದ್ದಾರೆ. ಆದರೂ ಪ್ಲಗ್‌ಗಳನ್ನು ಅವರ ಕೈಗೆ ಕೊಡದೆ ಮಂಗಳವಾರದವರೆಗೆ ಠಾಣೆಯಲ್ಲೇ ಇಟ್ಟುಕೊಳ್ಳಬೇಕಾಗಿ ಕೋರುತ್ತೇನೆ. ಅಷ್ಟರೊಳಗೆ ಟ್ಯಾಂಕ್ ಖಾಲಿ ಮಾಡಿ, ಪೈಪು ಬದಲಿಸಿ, 84 ಕಿ.ಮೀ. ದೂರದ ಹಳೇ ಬಂಕಿನಿಂದ ಎಥನಾಲ್ ಇಲ್ಲದ ಪೆಟ್ರೋಲ್ ನಾನೇ ತರುತ್ತೇನೆ. ಈ ಸಲ ಹತ್ತು ನಿಮಿಷವೂ ಬಾಟಲಿ ಬಿಟ್ಟು ಅಲ್ಲಾಡುವುದಿಲ್ಲ.

ಬರೆದದ್ದನ್ನು ರೈಟರ್ ಓದಿ ಹೇಳಿದರು, ಒಂದಕ್ಷರವೂ ಸುಳ್ಳಿಲ್ಲ. ಸಾಕ್ಷಿಯಾಗಿ ಅಕ್ಕನೂ ಸಹಿ ಮಾಡಿದ್ದಾಳೆ. ಸಹಿ ಹಾಕುವ ಗೆರೆ ಎಲ್ಲಿದೆ ಎಂದು ಕೇಳಿದಳು. ಅವಳ ಬೆರಳು ಹಿಡಿದು ತೋರಿಸಿದೆ.

ಸ್ಥಳ: ಠಾಣೆ, ಎರಡನೇ ಮೇಜು
ದಿನಾಂಕ: 14, ಭಾನುವಾರ, ಬೆಳಿಗ್ಗೆ 10-05
ಸಹಿ: ಸ್ಪ್ಯಾನರ್ ಚಿಕ್ಕಮ್ಮ
ಸಾಕ್ಷಿ: ಅಕ್ಕ