ಬಾಟಲಿ ತೊಳೆಯುವವಳ ಕೈಗುಣ

...ಅಯ್ಯೋ, ನಗಬೇಡಿ ಡಾಕ್ಟ್ರಮ್ಮ, ನಿಜವಾಗ್ಲೂ ಕುಣಿದೆ! ಇದೇ ಸಿಂಕ್ ಮುಂದೆ, ಏಪ್ರನ್ ಕಟ್ಕೊಂಡೇ, ಕೈಯಲ್ಲಿ ಬ್ರಷ್ ಹಿಡ್ಕೊಂಡೇ. ನಿಮ್ಮ ಪ್ರಯೋಗದ ನಲವತ್ತನೇ ತಟ್ಟೆ ನೀಲಿಯಾಯ್ತು ಅಂತ ನೀವು ಕಾರಿಡಾರಲ್ಲಿ ಕೂಗಿದ್ದೇ ಕೂಗಿದ್ದು, ಈ ವಯಸ್ಸಲ್ಲಿ, ಈ ಮಂಡಿ ಇಟ್ಕೊಂಡು... ಕೂತ್ಕೊಳ್ಳಿ, ಆ ಸ್ಟೂಲ್ ಎಳ್ಕೊಳ್ಳಿ. ತಡೀರಿ, ಒದ್ದೆ ಇದೆ, ಒರೆಸ್ತೀನಿ. ಹಾಂ, ಈಗ ಕೂರಿ.

ಇನ್ನೂ ಡಾಕ್ಟ್ರಾಗಿಲ್ಲ ಅಕ್ಕ ಅನ್ನೋ ಆ ಮುಖ ಮಾಡ್ಬೇಡಿ ಮತ್ತೆ. ಮೂರು ವರ್ಷದಿಂದ ನಾನು ಹಾಗೇ ಕರೀತಿರೋದು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಆ ದೊಡ್ಡೋರ ಮುಂದೆ ನಿಂತು ನೀಲಿ ತಟ್ಟೆ ತೋರಿಸಿದ್ರೆ ಮುಗೀತು, ಪಿಎಚ್‌ಡಿ ಪಟ್ಟ ನಿಮ್ದೇ. ಆಮೇಲೆ ನಿಮ್ಮ ಮದ್ದು ಆಸ್ಪತ್ರೆಗೆ ಹೋಗುತ್ತಂತಲ್ಲ? ಸೋಂಕು ತಗುಲಿದ್ರೂ ಜ್ವರಾನೇ ಬರದೆ ಸುಮ್ನೆ ಬಾಡಿಹೋಗ್ತಾರಲ್ಲ ವಯಸ್ಸಾದೋರು, ಅವರಿಗೆ ಕೊಟ್ಟು ನೋಡ್ತಾರಂತೆ. ಕಾಫಿ ಮಷೀನ್ ಹತ್ರ ಎಲ್ಲರದೂ ಅದೇ ಮಾತು.

ನಿನ್ನೆ ನಮ್ಮನೆಯವರಿಗೆ ಎಲ್ಲಾ ಬಿಡಿಸಿ ಹೇಳಿದೆ. ಮೈಯೊಳಗೆ ಕಾವಲಿನ ಕೋಶ ಇರ್ತವೆ ರೀ, ಅವುಗಳ ಮೈಮೇಲೆ ರಿಸೆಪ್ಟರು ಅಂತ, ಹುಟ್ಟುವಾಗ್ಲೇ ಬಂದಿರೋದು, ಯಾರೂ ಕಲಿಸಿದ್ದಲ್ಲ. ರೋಗಾಣುವಿನ ತೊಗಲು ಒಂಚೂರು ತಗುಲಿದ್ರೆ ಸಾಕು, ಊರೆಲ್ಲ ಕೇಳೋ ಹಾಗೆ ಕಿರುಚ್ತವೆ, ಆಗ ಮಿಕ್ಕೋರೆಲ್ಲ ಎದ್ದುಬಿದ್ದು ಓಡಿ ಬರೋದು ಅಂತ. ತಟ್ಟೆಯಲ್ಲಿ ಅವು ಕಿರುಚಿದ್ರೇನೇ ನೀಲಿ. ಮಲಗಿರೋ ಕಾವಲಿನೋರನ್ನ ಎಬ್ಬಿಸೋದೇ ನಮ್ಮ ಡಾಕ್ಟ್ರಮ್ಮನ ಮದ್ದು ಅಂದೆ. ಸರಿಯಾಗಿ ಹೇಳಿದ್ನಾ? ನೋಡಿ, ತಲೆ ಆಡಿಸ್ತೀರಿ! ನಮ್ಮನೆಯವರು ಏನಂದ್ರು ಗೊತ್ತಾ, ಒಂಚೂರು ತಗುಲಿದ್ರೆ ಕಿರುಚೋದಾ, ಹಾಗಾದ್ರೆ ಅದು ನಿನ್ನ ಕಡೆಯೋರೇ ಇರ್ಬೇಕು ಅಂದ್ರು... ನಗಿ, ನಗಿ. ರಾತ್ರಿ ಅವರೇ ಬಡಿಸ್ಕೊಂಡು ಉಂಡ್ರು.

ನನಗೆ ಇಷ್ಟೆಲ್ಲ ಗೊತ್ತಾಗಿದ್ದು ನಿಮ್ಮಿಂದಾನೇ. ನೀವು ಬಂದ ಹೊಸದರಲ್ಲಿ ಕೇಳಿದ್ನಲ್ಲ, ಹಬೆಯಲ್ಲಿ ಬೇಯಿಸಿ ತೆಗೆದ ಬಾಟಲೀನ ಮತ್ತೆ ಓವನ್‌ನಲ್ಲಿಟ್ಟು ಯಾಕೆ ಸುಡಬೇಕು ಅಂತ. ಹಬೆಗೆ ರೋಗಾಣು ಸಾಯುತ್ತೆ ಅಕ್ಕ, ಅದರ ತೊಗಲಿನ ಚೂರು ಗಾಜಿಗೆ ಅಂಟ್ಕೊಂಡೇ ಇರುತ್ತೆ, ಚೆನ್ನಾಗಿ ಸುಟ್ರೇನೇ ಹೋಗೋದು ಅಂದ್ರಿ. ಪಾಪ, ಆ ರಿಸೆಪ್ಟರಿಗೆ ಬದುಕಿರೋದು ಯಾವುದು, ಸತ್ತಿರೋದು ಯಾವುದು ಗೊತ್ತಾಗಲ್ವಂತೆ. ಎರಡಕ್ಕೂ ಒಂದೇ ಕಿರುಚಾಟ.

ಆದ್ರೂ ಒಂದು ಮಾತು ಹೇಳ್ಲಾ? ಜಂಬ ಅಂದ್ಕೋಬೇಡಿ. ಮೂವತ್ತೊಂಬತ್ತು ತಟ್ಟೆ ಮಿಸುಕಲಿಲ್ಲ. ಇದೇ ಸ್ಟೂಲ್ ಮೇಲೆ ಕೂತು ಅತ್ತಿದ್ದೀರಿ, ನಾನೇ ಕಣ್ಣೊರೆಸಿದ್ದೀನಿ. ಈ ತಿಂಗಳು ನೋಡಿ! ತಟ್ಟೆಯಲ್ಲಿ ಬರೀ ನೀರು ಹಾಕಿದ ಗುಳಿಯಲ್ಲಿ ಬಣ್ಣವೇ ಇಲ್ಲ, ಮದ್ದು ಹಾಕಿದ ಗುಳಿ ಒಂದೂ ಬಿಡದೆ ನೀಲಿ. ನೀರು ಹೊರಗಿಂದ ಸೀಲಾಗಿ ಬರುತ್ತೆ. ಮದ್ದು ಇದ್ದಿದ್ದು ಮಾತ್ರ ನಾನು ತೊಳೆದ ಬಾಟಲಿಯಲ್ಲಿ. ಕೈಗುಣ ಅಂದ್ರೆ ಇದೇ ತಾನೇ? ಹಾಗಂತ ನಾಳೆ ಅಲ್ಲಿ ನನ್ನ ಹೆಸರು ಎತ್ತಬೇಡಿ, ನಾಚಿಕೆಯಾಗುತ್ತೆ.

ತಗೊಳ್ಳಿ, ಚಾಕೊಲೇಟ್. ನಿಮಗೋಸ್ಕರ ಬೆಳಿಗ್ಗೇನೇ ತಂದಿದ್ದು. ಇಲ್ಲಿ ಎಲ್ಲಾ ಕಡೆ ನೀರು, ಅದಕ್ಕೇ ಓವನ್ ಮೇಲಿಟ್ಟಿದ್ದೆ. ಎರಡು ತಗೊಳ್ಳಿ, ನಾಳೆ ಗಂಟಲು ಕಟ್ಟಬಾರ್ದು.

ಯಾಕೆ, ತಿನ್ನಲ್ವಾ? ಬೆರಳಲ್ಲಿ ಒತ್ತಿ ಒತ್ತಿ ಏನು ನೋಡ್ತೀರಿ... ಗಟ್ಟಿಯಾಗೇ ಇದೆ, ಒಳ್ಳೇದೇ ಇದೆ. ಓವನ್ ಕಡೆ ಯಾಕೆ ನೋಡ್ತೀರಿ? ದೀಪ ಉರೀತಿದೆಯಲ್ಲ, ಕೆಂಪಗೆ, ಕಾಣಲ್ವಾ... ಎಲ್ಲಿಗೆ ಎದ್ರಿ? ಬೇಡ ಡಾಕ್ಟ್ರಮ್ಮ, ಮುಟ್ಟಬೇಡಿ, ಕೈ ಸುಡುತ್ತೆ, ಬೇಡ...

...ಕೈ ತೆಗೀರಿ ತಾಯಿ. ಸಾಕು.

ದೀಪ ಉರಿಯುತ್ತೆ. ಒಳಗೆ ಕಾಯಲ್ಲ, ಅಷ್ಟೇ. ಈ ತಿಂಗಳ ಮೊದಲನೇ ವಾರದಿಂದ. ಹೋದ್ಸಲ ಕೆಟ್ಟಾಗ ಮೇಲಿನೋರು ಅಂದಿದ್ದು ನೀವೂ ಕೇಳಿದ್ರಿ, ಇನ್ನೊಂದ್ಸಲ ಕೆಟ್ರೆ ರಿಪೇರಿ ಇಲ್ಲ, ಬಾಟಲಿ ಹೊರಗಿಂದ ತರಿಸ್ತೀವಿ, ತೊಳೆಯೋ ಕೋಣೆ ಮುಚ್ತೀವಿ ಅಂತ. ಹದಿನೆಂಟು ವರ್ಷ ಇಲ್ಲೇ ಕಳೆದಿದ್ದೀನಿ. ನನಗೆ ಬೇರೆ ಏನು ಬರುತ್ತೆ ಹೇಳಿ? ಒಂದು ವಾರ ತಡೆಯೋಣ, ಯಾರಿಗಾದ್ರೂ ಹೇಳಿ ಸರಿ ಮಾಡಿಸೋಣ ಅಂದ್ಕೊಂಡೆ. ಮೂರು ಮೂರು ಸಲ ತೊಳೆದೆ. ಹಬೆಯಲ್ಲಿ ಎರಡೆರಡು ಸಲ ಇಟ್ಟೆ. ಸಾಲಲ್ಲ ಅಂತ ನನಗೆ ಗೊತ್ತಿತ್ತು.

ಬ್ರಷ್ ಹಿಡ್ಕೊಂಡೇ ಕುಣಿದೆ ಅಂದೆನಲ್ಲ, ಸುಳ್ಳು. ನೀಲಿ ಅಂತ ನೀವು ಕೂಗಿದಾಗಲೇ ಬ್ರಷ್ ಕೈಜಾರಿ ಬಿದ್ದಿತ್ತು. ಆಮೇಲೆ ನೀವು ಓಡಿ ಬಂದು ತಬ್ಕೊಂಡ್ರಿ, ಅಷ್ಟು ನಗ್ತಿದ್ರಿ... ಕುಣಿದುಬಿಟ್ಟೆ.

ಬೈಯಿರಿ. ಏನಾದ್ರೂ ಅನ್ನಿ, ಹಾಗೆ ನೋಡ್ಬೇಡಿ. ಆ ರಿಸೆಪ್ಟರುಗಳ ತಪ್ಪೇನೂ ಇಲ್ಲ ಡಾಕ್ಟ್ರಮ್ಮ, ಬಾಟಲಿಗೆ ಅಂಟಿದ್ದ ತೊಗಲಿನ ಚೂರಿಗೆ, ಅವು ಕಿರುಚಬೇಕಾದ್ದಕ್ಕೇ ಕಿರುಚಿದ್ವು. ಬಾಯಿ ಮುಚ್ಕೊಂಡು ಕೂತಿದ್ದು ನಾನು.

ನಾಳೆ ಹತ್ತು ಗಂಟೆಗೆ ನಾನೂ ಬರ್ತೀನಿ. ಬಾಟಲಿ ನಂದು ಅಂತ ನಾನೇ ಹೇಳ್ತೀನಿ. ಏಪ್ರನ್ ಬಿಚ್ಚಿಟ್ಟು ಬರಲಾ, ಹೀಗೇ ಬರಲಾ?