ಪರದೆಗೆ ಬಂದ ಹೆಸರು

ಅಧ್ಯಕ್ಷ ಸ್ಥಾನದಲ್ಲಿರುವ ರಮಾನಂದ ಸರ್ ಅವರೇ, ಭಟ್ಕಳದ ಈ ಕಂಪ್ಯೂಟರ್ ತರಗತಿಯಿಂದ ಇಂದು ನಾವು ಬೀಳ್ಕೊಡುತ್ತಿರುವ ವಿನುತಾ ಮೇಡಂ ಅವರೇ, ಸಭಿಕರೇ,

ನಾನು ದೇವಿ. ಆರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಮಾತು ತಪ್ಪಿದರೆ ಕ್ಷಮಿಸಬೇಕು. ತಪ್ಪುವ ಮೊದಲೇ ಕ್ಷಮೆ ಕೇಳುವುದು ನನ್ನ ಅಭ್ಯಾಸ. ಕರೆಂಟು ಹೋದರೆ ಮೈಕೂ ಹೋದೀತು ಎಂಬ ಹೆದರಿಕೆ ಬೇರೆ.

ನಮ್ಮ ಮನೆಯವರು ಹೋದ ದೋಣಿ ಗಾಳಿಗೆ ಸಿಕ್ಕಿ ಎರಡು ವರ್ಷವಾಯಿತು. ದೋಣಿಯ ಹಲಗೆ ಸಿಕ್ಕಿತು, ಅವರು ಸಿಗಲಿಲ್ಲ. ಕಂಪ್ಯೂಟರ್ ಕಲಿತರೆ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಸಿಗುತ್ತದೆಂದು ಇಲ್ಲಿ ಸೇರಿದೆ. "ಆ ಪೆಟ್ಗೆಗೆ ಬಂಗ್ಡೆ ಮೀನಿನ ದರ ಗೊತ್ತುಂಟನೆ?" ಎಂದು ಅತ್ತೆ ಕೇಳಿದರು. ಗೊತ್ತಿಲ್ಲ ಎಂದು ಇವತ್ತು ಒಪ್ಪಿಕೊಳ್ಳುತ್ತೇನೆ.

ಕಂಪ್ಯೂಟರಿನ 'ಸಿ' ಭಾಷೆಯ ಪಾಠದ ದಿನ ಮನೆಮಂದಿಯಲ್ಲಿ ಒಬ್ಬರ ಹೆಸರನ್ನು ಪರದೆಯ ಮೇಲೆ ತರಿಸಬೇಕಿತ್ತು. ನಾನು ಅವರ ಹೆಸರು ಕೊಟ್ಟೆ. ನಮ್ಮಲ್ಲಿ ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದಂತೆ. ಬೆರಳಿಗೆ ಆ ಕಟ್ಟಳೆ ಇಲ್ಲವಲ್ಲ ಎಂದುಕೊಂಡೆ. ಆದರೆ ಬಂದದ್ದು ಹೆಸರಲ್ಲ. ಸೊನ್ನೆ, ಸೊನ್ನೆ, ಎ, ಎ. ಅವರು ಇಲ್ಲವೆಂದು ಯಂತ್ರವೂ ಹೇಳಿತೇ? ಅಥವಾ ನಾನು ಯಂತ್ರವನ್ನೇ ಕೆಡಿಸಿದೆನೇ?

ಮೇಡಂ ಬಂದು ನೋಡಿದರು. "ಎಂತಕ್ಕೆ ಹೆದರ್ತ್ರಿ ದೇವಕ್ಕ? ಹೆಸ್ರು ಎಲ್ಲೂ ಹೋಗ್ಲಿಲ್ಲ. ಮೆಮೊರಿಯಲ್ಲಿ ಅದು ಕೂತ ಜಾಗ ತೋರಿಸ್ತಾ ಉಂಟು, ಅಷ್ಟೆ. ಪರ್ಸೆಂಟ್ ಗುರ್ತಿನ ಮುಂದೆ ಪಿ ತೆಗ್ದು ಎಸ್ ಹಾಕಿ."

ಹಾಕಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಪೂರ್ತಿ ಹೆಸರು ಬಂತು. "ಆತಲ್ಲ! ಓದಿ" ಎಂದರು. ನಾನು ಪರದೆಯನ್ನು ಅವರ ಕಡೆ ತಿರುಗಿಸಿದೆ. ಅವರು ನಕ್ಕರು, ನನ್ನ ಮುಖ ನೋಡಿ ತಾವೇ ಮನಸ್ಸಿನಲ್ಲಿ ಓದಿಕೊಂಡರು.

ನಿನ್ನೆ ಮೇಡಂ ಅವರೇ ಹೇಳಿದರು, "ನಾಳೆ ಸಭೆಯಲ್ಲಿ ಒಂದ್ಸಲ ಆ ಹೆಸ್ರು ಹೇಳಿಬಿಡಿ ಅಕ್ಕ. ಎಷ್ಟು ದಿನ ಅಂತ ಒಳಗೇ ಇಟ್ಕಂತ್ರಿ?"

ಮೇಡಂ, ನೀವು ಹೇಳಿದ ಯಾವುದಕ್ಕೂ ನಾನು ಆಗದು ಎಂದವಳಲ್ಲ. ಆದರೆ ಆ ಹೆಸರು ಹೇಳಿ ಅವರ ಆಯುಷ್ಯ ಕಡಿಮೆಯಾದರೆ? ನಗುವವರು ನಗಲಿ. ಕಡಿಮೆಯಾಗಲು ಅವರಿಗೆ ಇನ್ನೂ ಆಯುಷ್ಯ ಉಂಟೆಂದು ನಂಬಿದವಳು ಈ ಊರಿನಲ್ಲಿ ನಾನೊಬ್ಬಳೇ ಇರಬಹುದು. ಆ ಹೆಸರು ತನ್ನ ಜಾಗದಲ್ಲೇ ಇರಲಿ. ಕಾಣದಿದ್ದರೂ ಅಲ್ಲೇ ಇರುತ್ತದೆ ಎಂದು ಕಲಿಸಿದವರು ನೀವೇ ಅಲ್ಲವೇ?

ಕುಮಟಾದ ಹೊಸ ಕೆಲಸದಲ್ಲಿ ನಿಮಗೆ ಒಳ್ಳೆಯದಾಗಲಿ. ಕರೆಂಟು ಹೋಗಲಿಲ್ಲ, ದೇವರು ದೊಡ್ಡವನು. ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರಿಗೂ ನಮಸ್ಕಾರ, ನನ್ನದೂ, ನಮ್ಮ ಮನೆಯವರದೂ.